ಶತ್ರುವಲ್ಲದ ಗುರಿ

— ಚರ್ಮದ ಕಾಯಿಲೆಗೆ ಎದೆಯ ಎಕ್ಸ್‌ರೇ ಯಾಕಮ್ಮ? ಜಯನಗರದ ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ ನೋಡು: ಎಕ್ಸ್‌ರೇ, ಕ್ಷಯದ ರಕ್ತಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ. ನನಗಿರೋದು ಸೋರಿಯಾಸಿಸ್. ಮೊಣಕೈ, ಬೆನ್ನು, ತಲೆ, ಎಲ್ಲ ಕಡೆ ಕೆಂಪು ಪಟ್ಟೆ, ಬಿಳಿ ಹೊಟ್ಟು. ಶ್ವಾಸಕೋಶ ಏನು ಮಾಡಿತ್ತು?

— ಶ್ವಾಸಕೋಶಕ್ಕೆ ಏನೂ ಆಗಿಲ್ಲ ಚಿಕ್ಕಪ್ಪ, ಮುಂದೆಯೂ ಆಗಬಾರದು ಅಂತ ನೋಡ್ತಿದ್ದಾರೆ. ಮೆಥೊಟ್ರೆಕ್ಸೇಟ್ ಮಾತ್ರೆ ನಿಮ್ಮ ಲಿವರ್‌ಗೆ ಒಗ್ಗುತ್ತಿಲ್ಲವಲ್ಲ, ಅದಕ್ಕೆ ಇಂಜೆಕ್ಷನ್ ಶುರು ಮಾಡೋಣ ಅಂತಿದ್ದಾರೆ. ಚೀಟಿಯ ಕೊನೇಲಿ ಬರೆದಿರೋದು ಅಡಲಿಮುಮ್ಯಾಬ್. ಅದು ಟಿಎನ್ಎಫ್ ಅನ್ನೋ ಪ್ರೋಟೀನನ್ನ ಹುಡುಕಿ ಹಿಡಿದು ಕೆಲಸ ಮಾಡದ ಹಾಗೆ ಮಾಡುತ್ತೆ. ನಿಮ್ಮ ಚರ್ಮದ ಉರಿಯೂತವನ್ನ ಕೆರಳಿಸ್ತಿರೋದರಲ್ಲಿ ಟಿಎನ್ಎಫ್‌ಗೆ ದೊಡ್ಡ ಪಾಲಿದೆ. ಆದರೆ ಅದೇ ಪ್ರೋಟೀನು ಶ್ವಾಸಕೋಶದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಹರಡದ ಹಾಗೆ ಅದರ ಸುತ್ತ ಬಿಳಿ ರಕ್ತಕಣಗಳನ್ನ ಸೇರಿಸಿ ಗಂಟು ಕಟ್ಟಿಸುತ್ತೆ, ಆ ಗಂಟು ಒಡೆಯದ ಹಾಗೂ ನೋಡ್ಕೊಳ್ಳುತ್ತೆ.

— ನನಗೆ ಕ್ಷಯ ಬಂದೇ ಇಲ್ಲವಲ್ಲ.

— ರೋಗ ಬಂದಿಲ್ಲ, ಸೋಂಕು ಇರಬಹುದು. ತಾತನಿಗೆ ಟಿಬಿ ಇತ್ತು, ನೀವೆಲ್ಲ ಒಂದೇ ಕೋಣೇಲಿ ಮಲಗ್ತಿದ್ರಿ ಅಂತ ಅಪ್ಪ ಹೇಳ್ತಿದ್ರು. ಅಂಥ ಮನೇಲಿ ಬೆಳೆದವರ ಮೈಯಲ್ಲಿ ಅದು ಬೂದಿ ಮುಚ್ಚಿದ ಕೆಂಡದ ಹಾಗೆ ಎಷ್ಟೋ ದಶಕ ಇದ್ದುಬಿಡಬಹುದು. ಟಿಎನ್ಎಫ್ ತಡೆಯೋ ಮೊದಲ ಔಷಧಗಳಲ್ಲಿ ಒಂದು ಇನ್‌ಫ್ಲಿಕ್ಸಿಮ್ಯಾಬ್. ಅದು ಮಾರುಕಟ್ಟೆಗೆ ಬಂದ ಕೆಲವು ವರ್ಷಕ್ಕೇ, 2001ರಲ್ಲಿ, ಅದನ್ನ ತಗೊಂಡವರಲ್ಲಿ 70 ಜನಕ್ಕೆ ಕ್ಷಯ ಕಾಣಿಸಿಕೊಂಡದ್ದನ್ನ ವೈದ್ಯರು ಒಟ್ಟುಗೂಡಿಸಿ ಪ್ರಕಟಿಸಿದರು. ಸಂಧಿವಾತಕ್ಕೆ ಅದನ್ನ ತಗೊಂಡವರ ಕೀಲುಗಳು ಸರಿಹೋಗ್ತಾ ಇದ್ದವು, ಶ್ವಾಸಕೋಶದಲ್ಲಿ ಗಂಟು ಒಡೀತಾ ಇತ್ತು. ಆಮೇಲಿಂದ ಈ ಪರೀಕ್ಷೆ ಇಲ್ಲದೆ ಆ ಇಂಜೆಕ್ಷನ್ ಕೊಡೋ ಹಾಗಿಲ್ಲ.

— ನಮ್ಮೂರಿಗೆ ಬೆಂಗಳೂರಿನಿಂದ ಜೀಪಲ್ಲಿ ಬಂದು ಮುಂಗೈಗೆ ಸೂಜಿ ಚುಚ್ಚಿ, ಊತ ಎಷ್ಟು ಬಂದಿದೆ ಅಂತ ಅಳೆದುಕೊಂಡು ಹೋಗ್ತಿದ್ರು ಅಂತ ನಮ್ಮಮ್ಮ ಹೇಳ್ತಿದ್ಲು. ಯಾಕೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲವಂತೆ.

— ಅದು ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರ ಕೆಲಸ ಇರಬೇಕು. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು. 1960-61ರಲ್ಲಿ ಅವರು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳನ್ನ ಸುತ್ತಿ ಎಷ್ಟು ಜನಕ್ಕೆ ಸೋಂಕಿದೆ, ಎಷ್ಟು ಜನಕ್ಕೆ ರೋಗ ಇದೆ ಅಂತ ಲೆಕ್ಕ ಹಾಕಿದರು. ಜಗತ್ತಿನ ಕ್ಷಯ ರೋಗಿಗಳಲ್ಲಿ ಈಗಲೂ ನಾಲ್ಕನೇ ಒಂದು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಲಂಡನ್ನಿನಲ್ಲಿ ಕೂತು ಟಿಎನ್ಎಫ್ ಔಷಧಕ್ಕೆ ಒಳ್ಳೆಯ ಗುರಿ ಅಂತ ಆರಿಸೋದು ಬೇರೆ, ಬೆಂಗಳೂರಿನಲ್ಲಿ ಆರಿಸೋದು ಬೇರೆ. ಹೊಸ ಔಷಧ ಹುಡುಕೋ ಈ ಕೆಲಸಕ್ಕೆ ನಾನು ಸೇರಿದ ಮೇಲೆ ನನಗೆ ಮನದಟ್ಟಾದದ್ದು ಇದೇ.

— ಒಂದು ಅರ್ಥ ಆಗ್ತಿಲ್ಲ. ಆ್ಯಂಟಿಬಯಾಟಿಕ್ ಅಂದ್ರೆ ಹೊರಗಿಂದ ಬಂದ ಕ್ರಿಮಿಯನ್ನ ಕೊಲ್ಲುತ್ತೆ. ಇಲ್ಲಿ ನೀನು ಹೇಳ್ತಿರೋದೆಲ್ಲ ನನ್ನದೇ ಮೈಯಲ್ಲಿರೋ ವಸ್ತುಗಳು. ಅವನ್ನೇ ಹೊಡೆಯೋದು ಅಂದ್ರೆ?

— ಅದೇ ಈ ಕೆಲಸದ ಕಷ್ಟ. ಸೋರಿಯಾಸಿಸ್, ರುಮಟಾಯ್ಡ್ ಸಂಧಿವಾತ, ಲೂಪಸ್, ಅಲ್ಸರೇಟಿವ್ ಕೊಲೈಟಿಸ್, ಇವೆಲ್ಲದರಲ್ಲೂ ನಮ್ಮ ರೋಗನಿರೋಧಕ ವ್ಯವಸ್ಥೆ ನಮ್ಮ ಮೇಲೇ ತಿರುಗಿಬಿದ್ದಿರುತ್ತೆ. ಬ್ಯಾಕ್ಟೀರಿಯಾದಲ್ಲಾದರೆ ನಮ್ಮಲ್ಲಿ ಇಲ್ಲದ ಭಾಗ ಯಾವುದು ಅಂತ ಹುಡುಕಿ ಅಲ್ಲಿಗೇ ಹೊಡೀಬಹುದು. ಇಲ್ಲಿ ಆ ಅನುಕೂಲ ಇಲ್ಲ. ನಾವು ಆರಿಸೋ ಪ್ರತಿ ಅಣುವಿಗೂ ಆರೋಗ್ಯವಂತ ಮನುಷ್ಯನಲ್ಲಿ ಒಂದು ಕೆಲಸ ಇರುತ್ತೆ. ಅದನ್ನ ತಡೆದರೆ ಏನು ಕಳ್ಕೊಳ್ತೀವಿ ಅನ್ನೋದನ್ನ ಮೊದಲೇ ಕೇಳ್ಕೋಬೇಕು.

— ನಿಮಗಿಂತ ಮುಂಚಿನವರು ಕೇಳ್ಕೊಂಡಿದ್ರಾ?

— ಕೇಳ್ಕೊಳ್ಳೋಕೆ ದಾರಿ ಇರಲಿಲ್ಲ. ಔಷಧ ಮೊದಲು ಸಿಕ್ತು, ಅದು ಎಲ್ಲಿಗೆ ಹೋಗಿ ತಾಗುತ್ತೆ ಅನ್ನೋದು ಆಮೇಲೆ ತಿಳೀತು. ಆಸ್ಪಿರಿನ್ ಜನ ನುಂಗೋಕೆ ಶುರು ಮಾಡಿ ಎಪ್ಪತ್ತು ವರ್ಷ ಆದಮೇಲೆ, 1971ರಲ್ಲಿ, ವಿಜ್ಞಾನಿ ಜಾನ್ ವೇನ್ ಅದು ನೋವು, ಉರಿಯೂತ ತರೋ ಪ್ರೋಸ್ಟಗ್ಲಾಂಡಿನ್ ತಯಾರಿಯನ್ನ ನಿಲ್ಲಿಸುತ್ತೆ ಅಂತ ತೋರಿಸಿದ್ದು. 1948ರಲ್ಲಿ ವೈದ್ಯ ಫಿಲಿಪ್ ಹೆಂಚ್ ಕಾರ್ಟಿಸೋನ್ ಕೊಟ್ಟಾಗ ಹಾಸಿಗೆ ಹಿಡಿದಿದ್ದ ಸಂಧಿವಾತದ ರೋಗಿಗಳು ಎದ್ದು ಓಡಾಡಿದರು. ಜಗತ್ತು ಬೆರಗಾಯ್ತು, ಎರಡೇ ವರ್ಷಕ್ಕೆ ನೊಬೆಲ್ ಬಂತು. ಮುಖ ಊದೋದು, ಮೂಳೆ ಸವೆಯೋದು, ಸಕ್ಕರೆ ಏರೋದು ಎಲ್ಲ ಆಮೇಲೆ ಕಾಣಿಸ್ತು. ಸ್ಟೀರಾಯ್ಡ್ ಒಂದು ಅಣುವನ್ನಲ್ಲ, ನೂರಾರು ಜೀನ್‌ಗಳನ್ನ ಒಂದೇ ಸಲ ಮುಟ್ಟುತ್ತೆ. ನಿಮ್ಮ ಮೆಥೊಟ್ರೆಕ್ಸೇಟ್ ಕಥೆ ಗೊತ್ತಾ?

— ವಾರಕ್ಕೆ ಒಂದೇ ದಿನ ತಗೋಬೇಕು, ದಿನಾ ತಗೊಂಡರೆ ಪ್ರಾಣಕ್ಕೇ ಅಪಾಯ, ಜೊತೆಗೆ ಫೋಲಿಕ್ ಆ್ಯಸಿಡ್ ಬೇಕು. ಅಷ್ಟು ಗೊತ್ತು.

— ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಆ ಮಾತ್ರೆಯ ಹಿಂದೆ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಭೀಮವರಂನಲ್ಲಿ ಹುಟ್ಟಿ, ಅಮೆರಿಕದ ಲೆಡರ್ಲಿ ಲ್ಯಾಬಿನಲ್ಲಿ ಕೆಲಸ ಮಾಡಿದವರು. ಫೋಲಿಕ್ ಆ್ಯಸಿಡ್‌ನ ಕೆಲಸಕ್ಕೆ ಅಡ್ಡ ಬರೋ ಅಣುಗಳನ್ನ ಅವರ ತಂಡ ಮಾಡಿತು. ಅದರಲ್ಲಿ ಅಮಿನಾಪ್ಟೆರಿನ್ ಅನ್ನೋದನ್ನ 1948ರಲ್ಲಿ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು, ಮೆಥೊಟ್ರೆಕ್ಸೇಟ್ ಅದರ ಹತ್ತಿರದ ಸಂಬಂಧಿ. 1951ರಲ್ಲಿ ಅಮಿನಾಪ್ಟೆರಿನ್ ತಗೊಂಡ ಸಂಧಿವಾತದ ರೋಗಿಗಳಲ್ಲಿ ಸೋರಿಯಾಸಿಸ್ ಕೂಡ ವಾಸಿಯಾಗ್ತಿದೆ ಅಂತ ವೈದ್ಯರ ಕಣ್ಣಿಗೆ ಬಿತ್ತು. ಸುಬ್ಬರಾವ್ ಅದನ್ನ ನೋಡೋಕೆ ಇರಲಿಲ್ಲ, 1948ರಲ್ಲೇ ತೀರಿಕೊಂಡಿದ್ದರು. ಇವತ್ತಿಗೂ ಕೆಲವೇ ರೂಪಾಯಿಗೆ ಸಿಗೋ ಆ ಮಾತ್ರೆ ಲಕ್ಷಾಂತರ ಜನರ ಕೈಕಾಲು ಉಳಿಸಿದೆ. ನಮ್ಮ ಲ್ಯಾಬಿನಲ್ಲಿ ಹೊಸ ಅಣು ಬಂದಾಗಲೆಲ್ಲ, ಇದು ಮೆಥೊಟ್ರೆಕ್ಸೇಟ್‌ಗಿಂತ ಹೆಚ್ಚಿಗೆ ಏನು ಮಾಡುತ್ತೆ ಅಂತ ನಾನು ಕೇಳ್ತೀನಿ. ಬಹಳ ಸಲ ಉತ್ತರ ಸುಲಭ ಇರಲ್ಲ.

— ನಿಮ್ಮ ಕಡೆ, ಬೊಮ್ಮಸಂದ್ರದ ಹತ್ತಿರ, ಸೋರಿಯಾಸಿಸ್‌ಗೇ ಅಂತ ಒಂದು ಔಷಧ ಮಾಡಿದ್ದರಲ್ಲ? ಪೇಪರಲ್ಲಿ ಓದಿದ್ದೆ.

— ಐಟೊಲಿಝುಮ್ಯಾಬ್. ಬಯೋಕಾನ್‌ನವರದು. ಹಳದಿ ಲೈನಿನ ಮೆಟ್ರೊದಲ್ಲಿ ಆರ್.ವಿ. ರೋಡಿನಿಂದ ಹತ್ತಿದರೆ ಬೊಮ್ಮಸಂದ್ರಕ್ಕೆ ಒಂದು ಸ್ಟೇಷನ್ ಮುಂಚೆ ಹೆಬ್ಬಗೋಡಿ ಬರುತ್ತಲ್ಲ, ಆ ಸ್ಟೇಷನ್‌ಗೇ ಕಂಪನಿ ಹೆಸರಿದೆ. 1978ರಲ್ಲಿ ಕೋರಮಂಗಲದ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಕಿರಣ್ ಮಜುಂದಾರ್ ಶುರು ಮಾಡಿದಾಗ ಪರಂಗಿಕಾಯಿಯ ಹಾಲಿನಿಂದ ಪಪೇನ್ ಅನ್ನೋ ಕಿಣ್ವ ತೆಗೆದು ರಫ್ತು ಮಾಡ್ತಿದ್ದರು. ಅಲ್ಲಿಂದ ಐಟೊಲಿಝುಮ್ಯಾಬ್ ಥರದ ಪ್ರತಿಕಾಯಗಳವರೆಗೆ ಬಂದದ್ದು ಕ್ಯೂಬಾದವರ ಜೊತೆಗೂಡಿ. ಹವಾನಾದಲ್ಲಿ ಒಂದು ಇಮ್ಯುನಾಲಜಿ ಕೇಂದ್ರ ಇದೆ. ಅಲ್ಲಿ ಇಲಿಯ ಕೋಶಗಳಿಂದ ಪಡೆದ ಒಂದು ಪ್ರತಿಕಾಯ ಇತ್ತು, ಅದು ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಮೇಲಿರೋ ಸಿಡಿ6 ಅನ್ನೋ ಪ್ರೋಟೀನಿಗೆ ಹೋಗಿ ಕೂರುತ್ತೆ. ಅದರ ಹೆಚ್ಚಿನ ಭಾಗವನ್ನ ಮನುಷ್ಯರ ಪ್ರತಿಕಾಯದ ಹಾಗೆ ಬದಲಾಯಿಸಿದರು, ಇಲ್ಲದಿದ್ದರೆ ಅದನ್ನೇ ಪರಕೀಯ ಅಂತ ನಮ್ಮ ಮೈ ತಿರಸ್ಕರಿಸುತ್ತೆ. ಬೆಂಗಳೂರಿನಲ್ಲಿ ಅದನ್ನ ಔಷಧವಾಗಿ ಬೆಳೆಸಿ ರೋಗಿಗಳಲ್ಲಿ ಪರೀಕ್ಷಿಸಿದರು. 2013ರ ಜನವರಿಯಲ್ಲಿ ಅನುಮತಿ ಸಿಕ್ತು, ಆಗಸ್ಟ್‌ನಲ್ಲಿ ಅಲ್ಝುಮ್ಯಾಬ್ ಹೆಸರಲ್ಲಿ ಮಾರಾಟಕ್ಕೆ ಬಂತು. ಸಿಡಿ6ನ್ನ ಗುರಿಯಾಗಿಟ್ಟುಕೊಂಡ ಔಷಧ ಮಾರಾಟಕ್ಕೆ ಬಂದದ್ದು ಇಲ್ಲೇ ಮೊದಲು.

— ಸಿಡಿ6ನ್ನೇ ಯಾಕೆ ಹಿಡಿದರು?

— ಟಿಎನ್ಎಫ್ ಅನ್ನೋದು ಕೋಶಗಳು ಹೊರಗೆ ಬಿಡೋ ಸಂದೇಶ. ಸಿಡಿ6 ಅದಕ್ಕಿಂತ ಮೇಲಿನ ಹಂತದಲ್ಲಿದೆ. ಟಿ ಕೋಶ ಇನ್ನೊಂದು ಕೋಶಕ್ಕೆ ಅಂಟಿಕೊಂಡು, ಹೊಡೆಯಬೇಕಾ ಬೇಡವಾ ಅಂತ ತಿಳ್ಕೊಳ್ಳುವಾಗ ಸಿಡಿ6 ಆ ಕಡೆಯ ಆಲ್‌ಕ್ಯಾಮ್ ಅನ್ನೋ ಪ್ರೋಟೀನನ್ನ ಹಿಡ್ಕೊಳ್ಳುತ್ತೆ, ಕೆರಳುವಿಕೆ ಜೋರಾಗುತ್ತೆ. ಪ್ರತಿಕಾಯ ಅಡ್ಡ ಬಂದರೆ ಟಿ ಕೋಶಗಳು ಅಷ್ಟೊಂದು ಹೆಚ್ಚಲ್ಲ, ಐಎಲ್-17 ಥರದ ಸಂದೇಶಗಳೂ ತಗ್ಗುತ್ತವೆ, ಆದರೆ ಆ ಕೋಶಗಳು ಸಾಯಲ್ಲ. ಕೊಲ್ಲದೆ ಸಮಾಧಾನಪಡಿಸೋದು, ಸೋಂಕಿನ ವಿರುದ್ಧದ ಶಕ್ತಿ ಉಳಿಸೋದು, ಇದು ಅವರ ಆಸೆ. ಕ್ಷಯ ಇಷ್ಟಿರೋ ನಾಡಿನಲ್ಲಿ ಅಂಥ ಗುರಿ ಹುಡುಕಿದ್ದು ಸರಿಯಾದ ಯೋಚನೆ ಅಂತ ನನಗೆ ಈಗಲೂ ಅನ್ನಿಸುತ್ತೆ.

— ಹಾಗಾದ್ರೆ ನನಗೆ ಅದನ್ನೇ ಕೊಡಬಹುದಿತ್ತಲ್ಲ. ಬೆಂಗಳೂರಿನಲ್ಲೇ ಆದ ಔಷಧ.

— ಸಂಖ್ಯೆ ಕೇಳಿ ಆಮೇಲೆ ಹೇಳಿ. ಭಾರತದ 223 ರೋಗಿಗಳಲ್ಲಿ ಪರೀಕ್ಷೆ ಆಯ್ತು. ಒಂದಷ್ಟು ಜನಕ್ಕೆ ಔಷಧ, ಒಂದಷ್ಟು ಜನಕ್ಕೆ ಔಷಧವಿಲ್ಲದ ಡ್ರಿಪ್. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ. 12 ವಾರ ಆದಮೇಲೆ, ಕಾಯಿಲೆ ಮುಕ್ಕಾಲು ಪಾಲಾದರೂ ಇಳಿದಿರೋರು ಎಷ್ಟು ಅಂತ ಎಣಿಸಿದರು. ಒಂದು ಪ್ರಮಾಣದಲ್ಲಿ ಔಷಧ ಪಡೆದವರಲ್ಲಿ ಶೇ. 27, ಇನ್ನೊಂದು ಪ್ರಮಾಣದಲ್ಲಿ ಶೇ. 36.4, ಔಷಧ ಸಿಗದವರಲ್ಲಿ ಶೇ. 2.3.

— ಔಷಧ ಕೆಲಸ ಮಾಡಿದೆ ತಾನೆ?

— ಮಾಡಿದೆ, ಅದರಲ್ಲಿ ಅನುಮಾನ ಇಲ್ಲ. ಅದೇ ಸುಮಾರಿಗೆ ಬೇರೆ ಕಡೆ ಐಎಲ್-17ನ್ನ ನೇರವಾಗಿ ಹಿಡಿಯೋ ಸೆಕುಕಿನುಮ್ಯಾಬ್ ಬಂತು. ಅಮೆರಿಕದಲ್ಲಿ 2015ರ ಜನವರಿಯಲ್ಲಿ ಒಪ್ಪಿಗೆ ಪಡೀತು. ಅದರ ಪರೀಕ್ಷೆಗಳಲ್ಲಿ 12 ವಾರಕ್ಕೆ ಅದೇ ಅಳತೆ ಮುಟ್ಟಿದವರು ಹತ್ತಕ್ಕೆ ಸುಮಾರು ಎಂಟು ಜನ. ಬೇರೆ ಬೇರೆ ಪರೀಕ್ಷೆಗಳನ್ನ ಪಕ್ಕಪಕ್ಕ ಇಟ್ಟು ತೂಗೋದು ಪೂರ್ತಿ ನ್ಯಾಯ ಅಲ್ಲ, ಆದರೆ ಇಷ್ಟು ದೊಡ್ಡ ಅಂತರವನ್ನ ಕಾಣದ ಹಾಗೆ ಇರೋಕೂ ಆಗಲ್ಲ. ಸೋರಿಯಾಸಿಸ್‌ನಲ್ಲಿ ಕಾಯಿಲೆಯನ್ನ ನಡೆಸ್ತಿರೋ ಮುಖ್ಯ ಸಂದೇಶ ಐಎಲ್-17 ಅನ್ನೋದನ್ನ ಆ ಫಲಿತಾಂಶವೇ ಗಟ್ಟಿ ಮಾಡಿತು. ಅದಕ್ಕೂ ಒಂದು ಬೆಲೆ ಇದೆ. ಬಾಯಿ, ಗಂಟಲಿನ ಶಿಲೀಂಧ್ರವನ್ನ ಹದ್ದುಬಸ್ತಿನಲ್ಲಿಡೋದು ಐಎಲ್-17, ಅದನ್ನ ತಡೆದರೆ ಕೆಲವರಿಗೆ ಬಾಯಲ್ಲಿ ಬಿಳಿ ಅಗ್ರ ಬರುತ್ತೆ. ಆದರೆ ಅದನ್ನ ವಾಸಿ ಮಾಡಬಹುದು.

— ನೀನು ಆ ಕಡೆಯೇ ಕೆಲಸ ಮಾಡೋಳು. ನಮ್ಮವರ ಔಷಧದ ಬಗ್ಗೆ ಇಷ್ಟು ನಿಷ್ಠುರವಾಗಿ ಮಾತಾಡೋದು ನನಗೆ ಸ್ವಲ್ಪ ನೋವಾಗುತ್ತೆ.

— ನನಗೂ ಆಗುತ್ತೆ ಚಿಕ್ಕಪ್ಪ. ಈ ಊರಲ್ಲಿ ಒಂದು ಹೊಸ ಗುರಿಯನ್ನ ಔಷಧದವರೆಗೆ ತಂದದ್ದು ಸಣ್ಣ ಮಾತಲ್ಲ. ಬೇರೆಯವರು ಕಂಡುಹಿಡಿದದ್ದನ್ನ ಅಗ್ಗವಾಗಿ ಮಾಡಿ ಕೊಡೋದರಲ್ಲಿ ನಮಗೆ ಹೆಸರಿದೆ, ಅದೂ ಬೇಕು. ಹೊಸದನ್ನ ತರೋ ಧೈರ್ಯ ಮಾಡಿದವರು ಕಡಿಮೆ. ಅದಕ್ಕೇ ಆ ಔಷಧವನ್ನ ಬೇರೆಯವರಿಗಿಂತ ಹೆಚ್ಚು ಬಿಗಿಯಾಗಿ ಅಳೀಬೇಕು ಅಂತ ನಾನು ಹೇಳೋದು. 2020ರಲ್ಲಿ ಆದದ್ದು ನೆನಪಿದೆಯಾ?

— ಕೋವಿಡ್‌ಗೆ ಕೊಟ್ಟರಲ್ಲ.

— ಕೋವಿಡ್‌ನಲ್ಲಿ ಕೆಲವರಿಗೆ ವೈರಸ್‌ಗಿಂತ ಹೆಚ್ಚಾಗಿ ನಮ್ಮದೇ ಉರಿಯೂತ ಶ್ವಾಸಕೋಶವನ್ನ ಹಾಳು ಮಾಡ್ತಿತ್ತು. ಟಿ ಕೋಶಗಳನ್ನ ತಣಿಸಿದರೆ ಅದೂ ತಗ್ಗಬಹುದು ಅನ್ನೋ ತರ್ಕ. ಮುಂಬೈ, ದೆಹಲಿಯ ಆಸ್ಪತ್ರೆಗಳಲ್ಲಿ 30 ರೋಗಿಗಳು, 20 ಜನಕ್ಕೆ ಔಷಧ, 10 ಜನಕ್ಕೆ ಇಲ್ಲ. ಔಷಧ ಪಡೆದವರಲ್ಲಿ ಯಾರೂ ಸಾಯಲಿಲ್ಲ, ಇನ್ನೊಂದು ಗುಂಪಿನಲ್ಲಿ ಮೂವರು ಸತ್ತರು. ಜುಲೈನಲ್ಲಿ ಔಷಧ ನಿಯಂತ್ರಕರು ತುರ್ತು ಬಳಕೆಗೆ ಅನುಮತಿ ಕೊಟ್ಟರು. ಒಂದು ವಯಲ್‌ಗೆ ಸುಮಾರು 8,000 ರೂಪಾಯಿ ಇತ್ತು. ಇಷ್ಟು ಚಿಕ್ಕ ಪರೀಕ್ಷೆ ಸಾಕಾ ಅಂತ ದೇಶದಲ್ಲೆಲ್ಲ ಪ್ರಶ್ನೆ ಎದ್ದಿತು, ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಅದು ಸೇರಲಿಲ್ಲ.

— ಆಗ ಜನ ಉಸಿರಾಡೋಕಾಗದೆ ಸಾಯ್ತಿದ್ದರು ಕಣಮ್ಮ. ಬನಶಂಕರಿ ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು ನಿಂತಿತ್ತು. ಮೂವತ್ತು ಜನರಲ್ಲಿ ಒಳ್ಳೇದು ಕಂಡರೆ ಅದನ್ನ ಬಿಟ್ಟು ದೊಡ್ಡ ಪರೀಕ್ಷೆಗೆ ಕಾಯ್ತಾ ಕೂರಬೇಕಿತ್ತಾ? ನನ್ನ ಗೆಳೆಯನಿಗೆ ಅವತ್ತು ಯಾರಾದರೂ ಇದು ಸಿಗುತ್ತೆ ಅಂದಿದ್ದರೆ ನಾನೇ ಓಡಿ ಹೋಗಿ ತರ್ತಿದ್ದೆ.

— ನಾನೂ ತರ್ತಿದ್ದೆ. ಮನೆಯವರು ಹಾಗೆ ಮಾಡೋದರಲ್ಲಿ ತಪ್ಪಿಲ್ಲ. ಆದರೆ ಹತ್ತು ಜನರಲ್ಲಿ ಮೂವರು ಸತ್ತದ್ದು ಔಷಧ ಸಿಗದ್ದಕ್ಕಾ, ಅವರು ಮೊದಲೇ ಹೆಚ್ಚು ಬಳಲಿದ್ದರಾ, ಇಲ್ಲ ಬರೀ ಆಕಸ್ಮಿಕವಾ ಅಂತ ಮೂವತ್ತು ಜನರಿಂದ ಹೇಳೋಕಾಗಲ್ಲ. ಅದೇ ತಿಂಗಳುಗಳಲ್ಲಿ ಬ್ರಿಟನ್ನಿನ ಆಸ್ಪತ್ರೆಗಳು ರಿಕವರಿ ಅನ್ನೋ ಪರೀಕ್ಷೆ ನಡೆಸಿದವು, ಅಲ್ಲೂ ಜನ ಸಾಯ್ತಾನೇ ಇದ್ದರು. ಸಾವಿರಾರು ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಹಳೇ ಅಗ್ಗದ ಡೆಕ್ಸಾಮೆಥಸೋನ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನ ಮೂರರಲ್ಲಿ ಒಂದು ಪಾಲು ಇಳಿಸುತ್ತೆ ಅಂತ 2020ರ ಜೂನ್‌ನಲ್ಲೇ ತೋರಿಸಿದರು. ಐಎಲ್-6 ಅನ್ನೋ ಇನ್ನೊಂದು ಉರಿಯೂತದ ಸಂದೇಶದ ದಾರಿ ತಡೆಯೋ ಟೊಸಿಲಿಝುಮ್ಯಾಬ್ ಕೂಡ ಮೊದಲ ಚಿಕ್ಕ ಪರೀಕ್ಷೆಗಳಲ್ಲಿ ಒಮ್ಮೆ ಹೌದು, ಒಮ್ಮೆ ಇಲ್ಲ ಅಂತಿತ್ತು. ರಿಕವರಿಯಲ್ಲಿ 4,116 ಜನ ಸೇರಿದ ಮೇಲೆ ಗೊತ್ತಾಯ್ತು: ಔಷಧ ಸಿಕ್ಕವರಲ್ಲಿ ಶೇ. 31 ಸಾವು, ಸಿಗದವರಲ್ಲಿ ಶೇ. 35. ನೂರಕ್ಕೆ ನಾಲ್ಕು ಜೀವ. ಆ ನಾಲ್ಕನ್ನ ಕಾಣೋಕೆ ನಾಲ್ಕು ಸಾವಿರ ಜನ ಬೇಕಾಯ್ತು.

— ಹೂಂ. ಅಷ್ಟು ಜನರನ್ನ ಸೇರಿಸೋ ಶಕ್ತಿ ನಮಗಿರಲಿಲ್ಲವಾ?

— ರೋಗಿಗಳಿಗೆ ಕೊರತೆ ಇರಲಿಲ್ಲ. ಒಂದೇ ಪ್ರಶ್ನೆಯನ್ನ ನೂರಾರು ಆಸ್ಪತ್ರೆ ಒಟ್ಟಿಗೆ ಕೇಳೋ ಏರ್ಪಾಡು ಬೇಕಿತ್ತು. ಐಟೊಲಿಝುಮ್ಯಾಬ್ ಉಪಯೋಗವಿಲ್ಲ ಅಂತ ನಾನು ಹೇಳ್ತಿಲ್ಲ, ಉಪಯೋಗ ಇತ್ತಾ ಅಂತ ತಿಳಿಯೋ ಅವಕಾಶ ಕೈತಪ್ಪಿತು ಅಂತ ಬೇಜಾರು. ಆಮೇಲೆ ಅಮೆರಿಕದ ಇಕ್ವಿಲಿಯಂ ಅನ್ನೋ ಕಂಪನಿ ಅದನ್ನ ಅಸ್ಥಿಮಜ್ಜೆ ಕಸಿ ಆದವರಲ್ಲಿ ಪರೀಕ್ಷಿಸಿತು. ದಾನಿಯ ಟಿ ಕೋಶಗಳು ರೋಗಿಯ ಕರುಳು, ಚರ್ಮದ ಮೇಲೆ ಬೀಳೋ ಕಾಯಿಲೆ ಅದು. ಸಿಡಿ6ಗೆ ಇದಕ್ಕಿಂತ ಹೊಂದುವ ಕಾಯಿಲೆ ಇಲ್ಲ ಅಂತ ನಾವೆಲ್ಲ ನಂಬಿದ್ದೆವು. 2025ರಲ್ಲಿ ಮೂರನೇ ಹಂತದ ಫಲಿತಾಂಶ ಬಂತು, ಮುಖ್ಯ ಗುರಿ ಮುಟ್ಟಲಿಲ್ಲ. ಅವತ್ತು ಊಟದ ಹೊತ್ತಿಗೆ ನಮ್ಮ ಮೇಜಿನಲ್ಲಿ ಬೇರೆ ಮಾತೇ ಇರಲಿಲ್ಲ.

— ಇಷ್ಟು ವರ್ಷ, ಇಷ್ಟು ದುಡ್ಡು ಹಾಕಿದ ಮೇಲೆ ಗುರಿ ಸರಿಯಿರಲಿಲ್ಲ ಅಂತ ಗೊತ್ತಾಗೋದಾದರೆ, ಮೊದಲೇ ತಿಳಿಯೋ ಉಪಾಯ ಏನೂ ಇಲ್ಲವಾ?

— ಒಂದಿದೆ, ನನಗೆ ತುಂಬ ಇಷ್ಟವಾದದ್ದು. ಆ ಅಣು ಇಲ್ಲದೆಯೇ ಹುಟ್ಟಿದ ಮನುಷ್ಯರನ್ನ ಹುಡುಕೋದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆರಿಜೀನ್ ಅಂತ ಕಂಪನಿ ಇದೆ. ಅವರು ಐರ್ಯಾಕ್-4 ಅನ್ನೋ ಕಿಣ್ವವನ್ನ ತಡೆಯೋ ಅಣು ಕಂಡುಹಿಡಿದರು. ಬ್ಯಾಕ್ಟೀರಿಯಾ ಮೈಸೇರಿದ ಸುದ್ದಿಯನ್ನ ಕೋಶದ ಒಳಗೆ ದಾಟಿಸೋ ಕಿಣ್ವ ಅದು. ಕೋಶದ ಒಳಗಿರೋದಕ್ಕೆ ಪ್ರತಿಕಾಯ ಹೋಗಿ ಮುಟ್ಟಲ್ಲ, ಅದು ತುಂಬ ದೊಡ್ಡದು. ಮಾತ್ರೆಯಲ್ಲಿ ಕೊಡಬಹುದಾದ ಚಿಕ್ಕ ಅಣುವೇ ಬೇಕು. ಈ ಕಿಣ್ವ ಇಲ್ಲದೆ ಹುಟ್ಟಿದ ಮೂವರು ಮಕ್ಕಳ ಬಗ್ಗೆ 2003ರಲ್ಲಿ ವರದಿ ಬಂತು, ಆಮೇಲೆ ಇನ್ನೂ ಹಲವರು ಸಿಕ್ಕರು. ಚಿಕ್ಕಂದಿನಲ್ಲಿ ಅವರಿಗೆ ನ್ಯುಮೋಕಾಕಸ್ ಥರದ ಬ್ಯಾಕ್ಟೀರಿಯಾಗಳಿಂದ ಜೀವಕ್ಕೇ ಅಪಾಯ ತರೋ ಸೋಂಕು, ಕೆಲವರು ಉಳೀಲಿಲ್ಲ. ಹದಿಹರೆಯ ದಾಟಿದವರಲ್ಲಿ ಆ ಸೋಂಕುಗಳು ತಾವಾಗೇ ಕಡಿಮೆಯಾದವು. ಅಂದರೆ ದೊಡ್ಡವರಲ್ಲಿ ಐರ್ಯಾಕ್-4ನ್ನ ತಡೆದರೆ ತಡ್ಕೋಬಹುದೇನೋ ಅನ್ನೋ ಸೂಚನೆ, ಮಕ್ಕಳಿಗೆ ಕೊಡೋ ಮುಂಚೆ ನೂರು ಸಲ ಯೋಚಿಸಿ ಅನ್ನೋ ಎಚ್ಚರಿಕೆ. ಎರಡನ್ನೂ ಆ ಮಕ್ಕಳೇ ಕೊಟ್ಟರು.

— ಪಾಪ. ಆ ಮಾತ್ರೆ ಈಗ ಎಲ್ಲಿದೆ?

— ಉರಿಯೂತಕ್ಕಿಂತ ಮೊದಲು ರಕ್ತದ ಕ್ಯಾನ್ಸರ್‌ಗಳಲ್ಲಿ ಪರೀಕ್ಷೆಗೆ ಹೋಯ್ತು. ಕೆಲವು ಲಿಂಫೋಮಾಗಳಲ್ಲಿ ಇದೇ ದಾರಿ ಸದಾ ಚಾಲೂ ಇರುತ್ತೆ. ನಿಮಗೆ ಹತ್ತಿರದ ಇನ್ನೊಂದು ಉದಾಹರಣೆ ಟಿವೈಕೆ2 ಅನ್ನೋ ಕಿಣ್ವ. ಅದರ ಕೆಲಸ ಕುಂದಿಸೋ ಒಂದು ಜೀನ್ ವ್ಯತ್ಯಾಸ ಯೂರೋಪಿನ ಕೆಲವರಲ್ಲಿ ಹುಟ್ಟಿನಿಂದಲೇ ಇದೆ. ಅವರಿಗೆ ಸೋರಿಯಾಸಿಸ್‌ನಂಥ ಕಾಯಿಲೆ ಬರೋದು ಕಡಿಮೆ. ಆ ಸುಳಿವಿಗೆ ತಕ್ಕ ಹಾಗೆ ಟಿವೈಕೆ2 ತಡೆಯೋ ಮಾತ್ರೆ, ಡ್ಯೂಕ್ರಾವಾಸಿಟಿನಿಬ್, 2022ರಲ್ಲಿ ಸೋರಿಯಾಸಿಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಪಡೀತು. ಆದರೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಆ ವ್ಯತ್ಯಾಸ ಪಡೆದವರಿಗೆ ಕ್ಷಯದ ಅಪಾಯ ಹೆಚ್ಚು ಅಂತ 2018ರಲ್ಲಿ ಕಂಡುಬಂತು. ಯೂರೋಪಿನಲ್ಲಿ ಕ್ಷಯ ಅಪರೂಪವಾದ್ದರಿಂದ ಅಲ್ಲಿ ಅದು ದೊಡ್ಡ ಚಿಂತೆಯಲ್ಲ. ನಮ್ಮಲ್ಲಿ ಹಾಗಲ್ಲ.

— ಇಷ್ಟೆಲ್ಲ ಕೇಳಿದ ಮೇಲೆ ಆ 223 ಜನರ ಬಗ್ಗೆಯೇ ಯೋಚನೆ ಬರ್ತಿದೆ. ಔಷಧವಿಲ್ಲದ ಡ್ರಿಪ್ ಹಾಕಿಸ್ಕೊಂಡವರು 12 ವಾರ ಕೆರೆತ ತಡ್ಕೊಂಡು ಕೂತಿದ್ದರಲ್ಲ. ನನಗೆ ಒಂದು ರಾತ್ರಿ ತಡ್ಕೊಳ್ಳೋದೇ ಕಷ್ಟ. ಅವರಿಗೆ ಆಮೇಲೆ ಏನು ಮಾಡಿದರು?

— 12 ವಾರ ಮುಗಿದ ಮೇಲೆ ಅವರಿಗೂ ಔಷಧ ಕೊಟ್ಟರು. ಅವರ ಶೇ. 2.3 ಇಲ್ಲದಿದ್ದರೆ ಉಳಿದವರ 36ಕ್ಕೆ ಅರ್ಥವೇ ಇರ್ತಿರಲಿಲ್ಲ.

— ನನ್ನನ್ನ ಯಾರಾದರೂ ಅಂಥ ಪರೀಕ್ಷೆಗೆ ಕರೆದರೆ ಹೋಗಬಹುದಾ? ಹೇಗೂ ಮೆಥೊಟ್ರೆಕ್ಸೇಟ್ ನಿಲ್ಲಿಸಿದ್ದಾರೆ.

— ಹೋಗಬಹುದು, ಕೇಳಿ ತಿಳ್ಕೊಂಡು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗೋ ಭಾಷೆಯಲ್ಲಿರಬೇಕು, ಅಂದರೆ ಕನ್ನಡದಲ್ಲಿ ಕೇಳಿ, ಮನೆಗೆ ತಂದು ಓದಿ, ಅವಸರದಲ್ಲಿ ಸಹಿ ಹಾಕಬೇಡಿ. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಗೆ ಬರಬಹುದು, ಅದರಿಂದ ನಿಮ್ಮ ಮಾಮೂಲು ಚಿಕಿತ್ಸೆ ನಿಲ್ಲೋ ಹಾಗಿಲ್ಲ. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು ಅಂತ 2019ರ ನಿಯಮ ಇದೆ. ಪರೀಕ್ಷೆ ಸಿಟಿಆರ್‌ಐ ಅನ್ನೋ ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಿರಬೇಕು, 2009ರಿಂದ ಅದು ಕಡ್ಡಾಯ. ಎಷ್ಟು ಜನರನ್ನ ಸೇರಿಸ್ತಾರೆ, ಏನನ್ನ ಅಳೀತಾರೆ, ಎಲ್ಲ ಅಲ್ಲಿ ಮೊದಲೇ ಬರೆದಿರ್ತಾರೆ.

— ಅದನ್ನ ನಾನು ನೋಡಬಹುದಾ, ಇಲ್ಲ ಡಾಕ್ಟರುಗಳಿಗೆ ಮಾತ್ರವಾ?

— ಯಾರು ಬೇಕಾದರೂ ನೋಡಬಹುದು. ಫೋನ್ ಕೊಡಿ, ಸೋರಿಯಾಸಿಸ್ ಅಂತ ಹಾಕಿದರೆ ಕರ್ನಾಟಕದಲ್ಲಿ ಎಲ್ಲೆಲ್ಲಿ ನಡೀತಿದೆ ಅಂತ ಈಗಲೇ ತೆಗೆದು ತೋರಿಸ್ತೀನಿ.